ಕೆಂಪಿನ ಮೇಲೆ ಕೆಂಪು

ಇದನ್ನು ಬರೆಯುವ ಯೋಗ್ಯತೆ ನಿನಗಿದೆಯೇ ಎಂದು ಯಾರಾದರೂ ಕೇಳಿದರೆ ಇಲ್ಲವೆಂದೇ ಹೇಳಬೇಕು. ಅದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಓದಿದ್ದು ಸಂಜೆ ಶಾಲೆಯಲ್ಲಿ, ಅದೂ ಹಗಲೆಲ್ಲ ಹೊಲಿದು ದಣಿದ ಕಣ್ಣಿನಲ್ಲಿ. ಸತ್ತವರ ವಿಷಯ ತಪ್ಪಾಗಿ ಬರೆದರೆ ತಿದ್ದಲು ಅವರು ಎದ್ದು ಬರುವುದಿಲ್ಲ, ಆ ಭಯ ಬೇರೆ. ದೊಡ್ಡಮ್ಮ ಹೇಳಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಈ ಮಾತೆತ್ತಿದರೆ ಅವಳು ಎದ್ದು ಒಳಗೆ ಹೋಗುತ್ತಾಳೆ. ಅಮ್ಮ ಒಂದೊಂದು ಸಲ ಒಂದೊಂದು ಥರ ಹೇಳುತ್ತಾಳೆ. ಹಾಗಾಗಿ ನನಗೆ ನೆನಪಿದ್ದಷ್ಟು ಬರೆಯುತ್ತೇನೆ.

ನನ್ನ ಅಜ್ಜ, ಅಂದರೆ ಅಮ್ಮನ ತಂದೆ, ಸೆಬೆರೀನೊ ಯರ್ಲೆಕೆ. ನಮ್ಮೂರು ಕತಕಾವೊಸ್‌ನಲ್ಲಿ ಅವನು ಕೂದಲೆಳೆಯಂಥ ಚಿನ್ನದ ತಂತಿ ಸುತ್ತಿ ಸುತ್ತಿ ಕಿವಿಯೋಲೆ ಮಾಡುತ್ತಿದ್ದ. ಆ ಕೆಲಸ ಅವನ ಕಣ್ಣನ್ನು ತಿಂದಿತೋ, ವಯಸ್ಸು ತಿಂದಿತೋ, ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅವನ ಕಣ್ಣಿನ ಮೇಲೆ ಹಾಲಿನ ಕೆನೆಯಂಥ ಪೊರೆ ಬಂದಿತ್ತು. ಮುಖ ಕಾಣುತ್ತಿರಲಿಲ್ಲ, ಬಣ್ಣ ಕಾಣುತ್ತಿತ್ತು. ನಮ್ಮನ್ನು ಅವನು ಗುರುತಿಸುತ್ತಿದ್ದುದು ಬಟ್ಟೆಯ ಬಣ್ಣದಿಂದ. ಅಮ್ಮ ಹಳದಿ, ದೊಡ್ಡಮ್ಮ ಹಸಿರು, ನಾನು ಕೆಂಪು. ಹೆಸರನ್ನೇ ಬಿಟ್ಟಿದ್ದ. "ಹಸಿರೇ, ಕಾಫಿ ಎಲ್ಲೇ?" ಎನ್ನುತ್ತಿದ್ದ. ನನ್ನ ಹೆಸರು ಎಮೆರಿತಾ, ಆದರೆ ಮನೆಯೊಳಗೆ ನಾನು ಕೆಂಪಿ.

ಅದರಿಂದ ನಮ್ಮ ಮನೆಗೆ ಒಂದು ಕಟ್ಟುಪಾಡು ಬಂದಿತ್ತು. ಹತ್ತಿರದ ಪಟ್ಟಣವಾದ ಪಿಯುರಾದ ಪೇಟೆಯ ಹಳೆಬಟ್ಟೆ ರಾಶಿಯಿಂದ ಏನೇ ತಂದರೂ ಅವರವರ ಬಣ್ಣಕ್ಕೆ ತಿರುಗಿಸಬೇಕು. ಯಾರದೋ ಕಿಟಕಿಯ ಹಳದಿ ಪರದೆ ಅಮ್ಮನ ಲಂಗವಾಯಿತು. ನನ್ನ ಕೆಂಪು ಫ್ರಾಕು ಮೊದಲು ಯಾವಳೋ ದಪ್ಪ ಹೆಂಗಸಿನದು. ಅದರ ದೊಡ್ಡ ಕಾಲರನ್ನು ಬಿಚ್ಚಿ, ಎರಡೂ ಮಗ್ಗುಲು ಒಳಗೆ ಹಿಡಿದು, ಅಂಚು ಕತ್ತರಿಸಿ, ಸೊಂಟಕ್ಕೆ ನೆರಿಗೆ ಕೊಟ್ಟಿದ್ದೆ. ಉಳಿದ ಚೂರುಗಳನ್ನು ಗಂಟು ಕಟ್ಟಿಟ್ಟಿದ್ದೆ. ಶಾಲೆಯ ವರ್ಷದ ಕೊನೆಯ ಸಮಾರಂಭಕ್ಕೆ ಅದನ್ನೇ ಹಾಕಿಕೊಳ್ಳಬೇಕೆಂದಿದ್ದೆ.

ಆ ವರ್ಷ ಸೆಖೆ ಏರುವ ಹೊತ್ತಿಗೆ ಅಜ್ಜ ಎದೆಯ ಜ್ವರ ಹಿಡಿದು ಮಲಗಿದ. ಪಿಯುರಾದಿಂದ ಬಂದ ವೈದ್ಯರು ಭಾನುವಾರ ದಾಟುವುದು ಕಷ್ಟವೆಂದರು. ಪಾದ್ರಿಗಳು ಬಂದು ಹಣೆಗೆ ಕೊನೆಯ ಎಣ್ಣೆ ಹಚ್ಚಿ ಹೋದರು. ಅಜ್ಜ ಕಣ್ಣು ತೆರೆಯುವುದನ್ನೇ ಬಿಟ್ಟ. ಆಗ ದೊಡ್ಡಮ್ಮ ಹಿತ್ತಿಲಿನಲ್ಲಿ ಜಾಲಿ ಸೌದೆ ಒಟ್ಟಿ, ಮೆಕ್ಕೆಜೋಳದ ಹೆಂಡ ಚಿಚವನ್ನು ಕಾಯಿಸುವ ದೊಡ್ಡ ಹಂಡೆಯನ್ನು ಒಲೆಗಿಟ್ಟಳು. ಅದಕ್ಕೆ ಚರಾನ್ ಮರದ ಒಗರು ಕಾಯಿ ಜಜ್ಜಿ ಹಾಕಿದಳು, ತುಕ್ಕು ಹಿಡಿದ ಮೊಳೆಗಳನ್ನೂ ಒಂದು ಲಾಳವನ್ನೂ ಹಾಕಿದಳು. ನಮ್ಮಲ್ಲಿ ಸೂತಕದ ಕಪ್ಪು ಬರುವುದು ಹಾಗೆ.

ಅಮ್ಮ ಹೆದರಿದಳು. "ಉಸಿರು ಇರೋವಾಗ್ಲೇ ಕಪ್ಪಿಗೆ ಅದ್ದಿದ್ರೆ ಸಾವನ್ನ ಕೂಗಿ ಕರೆದಂಗೆ ಕಣೇ ಅಕ್ಕಾ."

"ಬಣ್ಣ ಹತ್ತಕ್ಕೆ ಒಂದು ಹಗಲು ಬೇಕು, ಒಣಗಕ್ಕೆ ಇನ್ನೊಂದು," ಅಂದಳು ದೊಡ್ಡಮ್ಮ. "ಈ ಸೆಖೇಲಿ ಹೆಣ ನಮ್ಮ ಬಟ್ಟೆ ಒಣಗಲಿ ಅಂತ ಕಾಯ್ತಾ ಕೂರುತ್ತಾ?"

ಅವಳು ಕಟುಕಿಯಲ್ಲ. ಅಜ್ಜಿ ಸತ್ತಾಗ ನಡೆದದ್ದು ಅವಳ ಮನಸ್ಸಿನಲ್ಲಿತ್ತು. ಆಗ ಮನೆಯಲ್ಲಿ ಕಪ್ಪು ಬಟ್ಟೆ ಇರಲಿಲ್ಲ. ಅಮ್ಮ ಯಾರದೋ ಮೊಳಕಾಲುದ್ದದ ಲಂಗ ಎರವಲು ತಂದು ಉಟ್ಟಳು, ದೊಡ್ಡಮ್ಮ ನೀಲಿಯಲ್ಲೇ ಕೂತಳು. ಪಕ್ಕದ ಮನೆಯ ಹಸಿಂತಾ, ತಾಯಿಯ ಹೆಣದ ಮುಂದೆ ಜಾತ್ರೆಗೆ ಬಂದವರ ಹಾಗೆ ಕೂತಿದ್ದರು ಎಂದು ಬೀದಿಯಲ್ಲೆಲ್ಲ ಹೇಳಿದಳು. ವರ್ಷಗಟ್ಟಲೆ ಹೇಳಿದಳು. ತಂದೆಗೂ ಅದೇ ಅವಮಾನ ಆಗಬಾರದೆಂದು ದೊಡ್ಡಮ್ಮನ ಹಟ.

ನಾವು ಉಡುವ ಬಟ್ಟೆಯೆಲ್ಲ ಹಂಡೆಗಿಳಿಯಿತು. ಕೆಂಪು ಫ್ರಾಕನ್ನು ಕೈಯಲ್ಲಿ ಹಿಡಿದು ನಿಂತೆ. ಇದೊಂದನ್ನು ಬಿಡಬಹುದೇ ಎಂದು ಕೇಳಿದೆನೋ, ಕೇಳಬೇಕೆಂದುಕೊಂಡೆನೋ, ಈಗ ಖಾತ್ರಿಯಿಲ್ಲ. ಸಾಯುತ್ತಿರುವ ಮನುಷ್ಯನ ಮುಂದೆ ಫ್ರಾಕಿನ ಚಿಂತೆ ಮಾಡುವವಳು ಎಂಥವಳು ಎಂದು ನಾಚಿಕೆಯಾಯಿತು. ನಾನೇ ಅದನ್ನು ಕೋಲಿನಿಂದ ಒಳಗೆ ಒತ್ತಿದೆ. ಮೊದಲು ಕಂದಾಯಿತು, ಆಮೇಲೆ ಕಪ್ಪಾಯಿತು.

ಹಿತ್ತಿಲಿನ ತಂತಿಯ ಮೇಲೆ ಎಲ್ಲ ಸಾಲಾಗಿ ತೊಟ್ಟಿಕ್ಕುತ್ತಿದ್ದವು. ನಾವು ಮೂವರೂ ಹಿಟ್ಟಿನ ಚೀಲದಿಂದ ಹೊಲಿದ ಬಿಳಿಯ ಒಳಲಂಗದಲ್ಲಿದ್ದೆವು. ಮಧ್ಯಾಹ್ನದ ಬಿಸಿಲು ಇಳಿಯುತ್ತಿದ್ದಾಗ ಒಳಗಿನಿಂದ ದನಿ ಬಂತು.

"ಕೆಂಪೀ, ಮೇಕೆ ಸಾರು ಇದೆಯೇನೇ?"

ಮೂವರೂ ಓಡಿದೆವು. ಅಜ್ಜ ದಿಂಬಿಗೆ ಮೊಣಕೈ ಊರಿಕೊಂಡಿದ್ದ. ಮೈ ಬೆವತು ಜ್ವರ ಬಿಟ್ಟಿತ್ತು. ಅಮ್ಮ ಅವನ ಕಾಲು ಹಿಡಿದು ಅತ್ತಳು. ದೊಡ್ಡಮ್ಮ ಮಾತ್ರ ಬಾಗಿಲಲ್ಲೇ ನಿಂತಿದ್ದಳು, ಬಣ್ಣ ಹತ್ತಿ ಕಪ್ಪಾದ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು.

"ಎಲ್ಲ ಬೆಳ್ಳಗಿದೀರಲ್ಲ," ಅಂದ ಅಜ್ಜ. "ಯಾರು ಯಾರು?"

ಬಟ್ಟೆ ಒಗೆಯಲು ಹಾಕಿದ್ದೇವೆ ಎಂದು ಅಮ್ಮ ಹೇಳಿದಳು. ಅವನು ಸರಿ ಎಂದು ಸಾರು ಕುಡಿದ.

ನಮ್ಮ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಅಜ್ಜನೇ ಎಷ್ಟೋ ಸಲ ಹೇಳಿದ್ದ ಕತೆಯೊಂದಿತ್ತು. ಅವನ ಜೊತೆಗಾರ ಮತಿಯಾಸ್ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದಾಗ, ಸೊಸೆಯರು ಮೊದಲೇ ಕಪ್ಪು ಅದ್ದಿ ಒಣಹಾಕಿದ್ದು ಬೇಲಿಯ ಸಂದಿನಲ್ಲಿ ಕಂಡಿತಂತೆ. ಗೋಡೆಗೆ ಮುಖ ತಿರುಗಿಸಿ ಮಲಗಿದವನು ಮತ್ತೆ ಈ ಕಡೆ ತಿರುಗಲಿಲ್ಲವಂತೆ. ಮಗ್ಗುಲ ಕೋಣೆಯಲ್ಲಿ ಕೂತು ನಾವು ಮೂವರೂ ಅದನ್ನೇ ನೆನೆಯುತ್ತಿದ್ದೆವು.

ಚರಾನಿನ ಕಪ್ಪು ಬಿಡುವುದಿಲ್ಲ, ಉಜ್ಜಿದರೆ ಬಟ್ಟೆ ಹರಿಯುತ್ತದೆ ಅಷ್ಟೆ. ಹೊಸ ಬಟ್ಟೆಯ ಮಾತೇ ಇರಲಿಲ್ಲ. ಎರವಲು ಕೇಳಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಅಷ್ಟರಲ್ಲಿ ಹಸಿಂತಾ ಬೇಲಿಯ ಮೇಲೆ ಕತ್ತು ಚಾಚಿ ತಂತಿಯನ್ನು ನೋಡಿದ್ದೂ ಆಯಿತು.

"ಏನ್ ಮೆಲ್ಚೋರಾ, ಮುದುಕ ಸಾರು ಕುಡೀತಿದಾನಂತೆ, ನೀನು ತಂತಿ ಮೇಲೆ ಶವಯಾತ್ರೆ ಹೊರಡ್ಸಿದೀಯ?"

"ಬಟ್ಟೆ ಮಾಸಿತ್ತು, ಬಣ್ಣ ಹಾಕ್ದೆ," ಅಂದಳು ದೊಡ್ಡಮ್ಮ.

"ಮೂರು ಜನದ್ದೂ ಒಂದೇ ದಿನ ಮಾಸ್ತಾ?"

ದೊಡ್ಡಮ್ಮ ಯಾರಿಗೂ ಬಗ್ಗುವವಳಲ್ಲ. ಆ ದಿನ ಬೇಲಿಯ ಹತ್ತಿರ ಹೋಗಿ ದನಿ ತಗ್ಗಿಸಿ ಏನನ್ನೋ ಕೇಳಿಕೊಂಡಳು. ಹಸಿಂತಾ ತಲೆ ಆಡಿಸಿದಳು. ಹೌದೆಂದೋ ನೋಡೋಣವೆಂದೋ ದೂರದಿಂದ ನನಗೆ ತಿಳಿಯಲಿಲ್ಲ. ಒಳಗೆ ಬಂದ ದೊಡ್ಡಮ್ಮ ನೆಲದ ಮೇಲೆ ಕೂತಳು. "ಅಪ್ಪನ್ನ ನಾನೇ ಬೇಯಿಸಿಬಿಟ್ಟೆ," ಅಂದಳು.

ಕಪ್ಪಿನ ಮೇಲೆ ಬಣ್ಣ ಹೊಲಿದರೆ ಹೇಗೆ ಎಂದು ನಾನು ಹೇಳಿದೆ. ಹೇಳಿದ ಮೇಲೆ, ಇದು ಪಾಪವೇನೋ ಎಂದೂ ಸೇರಿಸಿದೆ. ಸೂತಕದ ಬಟ್ಟೆಯನ್ನು ಸಿಂಗರಿಸಿದ್ದು ನಾನು ಎಲ್ಲೂ ಕೇಳಿರಲಿಲ್ಲ. ಅಮ್ಮ ಆಗಲೇ ಚೂರುಗಳ ಗಂಟನ್ನು ಬಿಚ್ಚುತ್ತಿದ್ದಳು.

ಎಲ್ಲಿ ಹೊಲಿಯಬೇಕೆಂದು ಮೊದಲು ಲೆಕ್ಕ ಹಾಕಿದೆವು. ಅಜ್ಜ ಮಲಗಿದಲ್ಲಿಂದ, ಕುರ್ಚಿಯಿಂದ ನೋಡುವುದು ನಮ್ಮ ಎದೆ, ಹೆಗಲು, ತೋಳು. ಬೆನ್ನಿಗೆ ಸಾಲುವಷ್ಟು ಬಟ್ಟೆ ಇರಲಿಲ್ಲ, ಬೆನ್ನು ಕಪ್ಪಾಗಿಯೇ ಉಳಿಯಲಿ. ನನ್ನ ಫ್ರಾಕಿನಿಂದ ಹಿಂದೆ ಬಿಚ್ಚಿದ್ದ ದೊಡ್ಡ ಕೆಂಪು ಕಾಲರೂ ಕತ್ತರಿಸಿದ ಅಂಚೂ ಅದೇ ಫ್ರಾಕಿಗೆ ಮರಳಿ ಬಂದವು. ಎದೆಯ ತುಂಬ ಕಾಲರನ್ನು ಹರಡಿ ಅಂಟಿಸಿ ಹೊಲಿದೆ, ಅಂಚನ್ನು ಸೀಳಿ ತೋಳಿನ ತುದಿಗೆ, ಮುಂಗೈ ಸುತ್ತ ಬರುವಂತೆ ಹೊಲಿದೆ. ಅಮ್ಮನಿಗೆ ಹಳದಿ ಪರದೆಯ ಪಟ್ಟಿ ಉಳಿದಿತ್ತು. ದೊಡ್ಡಮ್ಮನಿಗೆ ಹಸಿರೇ ಇರಲಿಲ್ಲ. ಕೊನೆಗೆ ಅವಳೇ ಅಜ್ಜಿ ನೇಯ್ದಿದ್ದ, ಕತ್ತೆಯ ಬೆನ್ನಿಗೆ ಇಳಿಬಿಡುವ ಜೋಡಿಚೀಲವನ್ನು ತಂದಳು. ಅದರ ಮೇಲೆ ಹಸಿರು ಹಕ್ಕಿಗಳಿದ್ದವು. ಹಕ್ಕಿಗಳನ್ನು ಬೆರಳಿನಿಂದ ಒಮ್ಮೆ ಸವರಿ ಕತ್ತರಿ ಹಿಡಿದಳು. ಆಮೇಲೆ ಒಂದೊಂದೇ ಹಕ್ಕಿಯನ್ನು ಸುತ್ತಲೂ ಕತ್ತರಿಸಿ ಕೊಟ್ಟಳು, ನಾನು ಅಂಚು ಮಡಿಸಿ ಅವಳ ಎದೆಗೆ, ತೋಳಿಗೆ ಕೂರಿಸಿದೆ. ಕಪ್ಪಿನ ಮೇಲೆ ಆ ಹಕ್ಕಿಗಳು ಬಹಳ ಚೆಂದ ಕಂಡವು. ಹಾಗನ್ನಿಸಿದ್ದಕ್ಕೂ ನನಗೆ ಭಯವಾಯಿತು.

ಆಮೇಲೆ ನಮ್ಮ ಮನೆಯಲ್ಲಿ ಯಾರೂ ಅಜ್ಜನಿಗೆ ಬೆನ್ನು ತೋರಿಸಲಿಲ್ಲ. ಸಾರು ಕೊಟ್ಟು ಹಿಂದೆ ಹಿಂದೆ ಹೆಜ್ಜೆಯಿಡುತ್ತ ಹೊರಬರುತ್ತಿದ್ದೆವು, ಇಗರ್ಜಿಯಲ್ಲಿ ಪವಿತ್ರ ಪೀಠದ ಮುಂದಿನಿಂದ ಬರುವ ಹಾಗೆ. ಅಮ್ಮ ಒಮ್ಮೆ ಹಾಗೆ ಬರುವಾಗ ಕೋಳಿಯನ್ನು ತುಳಿದಳು. ಅಜ್ಜ ಕುರ್ಚಿಯಲ್ಲಿ ಕೂರುವಂತಾದ. "ಹಳದಿ, ಯಾಕೋ ಬಡವಾಗಿದೀಯ," ಎಂದ. ಅವನಿಗೆ ಕಾಣುತ್ತಿದ್ದುದು ಅಮ್ಮನ ಎದೆಯ ಮೇಲಿನ ಪಟ್ಟಿ ಮಾತ್ರ. ನಿಮ್ಮನ್ನು ನೋಡಿಕೊಂಡು ಸೊರಗಿದೆ ಎಂದಳು ಅಮ್ಮ. ಅವನು ನಕ್ಕ. ಬಾಗಿಲ ಹತ್ತಿರ ಹಸಿಂತಾ ಸುಳಿದಾಗಲೆಲ್ಲ ನಾವು ಯಾರಾದರೊಬ್ಬರು ಅಲ್ಲಿಗೆ ಹೋಗಿ ನಿಲ್ಲುತ್ತಿದ್ದೆವು. ಅವಳು ಬಾಯಿಬಿಡಲಿಲ್ಲ, ಅದನ್ನು ಇಲ್ಲಿ ಹೇಳಲೇಬೇಕು. ಅವಳು ಬಾಯಿಬಿಡದೇ ಇದ್ದದ್ದು ದೊಡ್ಡಮ್ಮನನ್ನು ಇನ್ನಷ್ಟು ಹೆದರಿಸಿತು.

ಒಂದು ದಿನ ಹಾಲು ಉಕ್ಕುವ ಸದ್ದು ಕೇಳಿ ನಾನು ಮರೆತು ತಿರುಗಿ ಓಡಿದೆ. ಹಿಂದಿನಿಂದ ಅಜ್ಜ "ಯಾರದು?" ಅಂದ. ತಿರುಗಿ ನಿಂತು, ನಾನೇ ಎಂದೆ. ಅವನು ನನ್ನ ಕಡೆಗೆ ಕತ್ತು ಚಾಚಿದ. "ಹಾಲು ನೋಡು ಹೋಗು," ಅಂದ. ಇದನ್ನು ನಾನು ಅಮ್ಮನಿಗೂ ದೊಡ್ಡಮ್ಮನಿಗೂ ಹೇಳಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ, ಸೋರೆ ಬುರುಡೆಯಲ್ಲಿ ಚಿಚ ಕೊಡುವಾಗ ಅವನು ನನ್ನ ಮುಂಗೈ ಹಿಡಿದುಕೊಂಡ. ಚಿನ್ನದ ತಂತಿಯ ಮೇಲೆ ಓಡಾಡಿದ ಬೆರಳುಗಳು ಹೊಲಿಗೆಯ ಮೇಲೆ ನಿಧಾನವಾಗಿ ಓಡಿದವು. ಅಂಚಿಗೆ ಬಂದು ನಿಂತವು. ನನ್ನ ಎದೆಬಡಿತ ಅವನಿಗೆ ಮುಂಗೈಯಲ್ಲೇ ಸಿಕ್ಕಿರಬೇಕು.

"ಹೊಲಿಗೆ ಒತ್ತಾಗಿದೆ. ಯಾರದು?"

"ನಂದೇ ಅಜ್ಜ."

"ಕೆಂಪಿನ ಮೇಲೆ ಯಾಕೆ ಕೆಂಪು ಹೊಲಿದೆ ಮಗಾ?"

ಬಟ್ಟೆ ಹಳೆಯದು, ಹರಿದಿತ್ತು, ತೇಪೆ ಹಾಕಿದೆ ಎಂದೆ. ಅವನು ಕೈ ಬಿಡಲಿಲ್ಲ.

"ತೇಪೆ ಇಷ್ಟು ಅಂದವಾಗಿ ಯಾರೂ ಹಾಕಲ್ಲ," ಅಂದ. ಆಮೇಲೆ, "ಪೆಟ್ಟಿಗೇಲಿ ನನ್ನ ಕರೀ ಕೋಟಿದೆಯಲ್ಲ, ಅದನ್ನ ತಗೊಂಬಾ."

ಅದು ಅವನು ತನ್ನ ಕೊನೆಯ ದಿನಕ್ಕೆಂದು ತಾನೇ ತೆಗೆದಿಟ್ಟಿದ್ದ ಕೋಟು. ತಂದು ಮಡಿಲಲ್ಲಿ ಇಟ್ಟೆ. ಅವನು ಎಡಗಡೆಯ ಎದೆಯ ಮೇಲೆ ಬೆರಳಿಟ್ಟು ತೋರಿಸಿದ.

"ಇಲ್ಲೂ ಒಂದಿಷ್ಟು ಹಾಕು. ಹಳದಿ, ಹಸಿರು, ಕೆಂಪು, ಮೂರೂ."

"ಈ ಕೋಟಿಗಾ ಅಜ್ಜ?"

"ಹೂಂ. ನಿಮ್ಮಜ್ಜಿ ಕಣ್ಣೂ ಅಷ್ಟಕ್ಕಷ್ಟೆ ಇತ್ತು. ಬರೀ ಕಪ್ಪಲ್ಲಿ ಹೋದ್ರೆ ಯಾರೋ ಅಂತ ಸುಮ್ನಾಗ್ತಾಳೆ."

ಹೇಳಿ ನಕ್ಕು ಚಿಚ ಕುಡಿದ. ಬಾಗಿಲ ಮರೆಯಲ್ಲಿ ದೊಡ್ಡಮ್ಮ ನಿಂತಿದ್ದಳು. ಅವನಿಗೆ ಗೊತ್ತಾಗಿದೆ ಎಂದು ಅವಳು ಆ ದಿನವೇ ತೀರ್ಮಾನಿಸಿದಳು. ಮುದುಕರು ಯಾವಾಗಲೂ ಹೀಗೆ ಸಾವಿನ ತಮಾಷೆ ಮಾಡುತ್ತಾರೆ, ಅದಕ್ಕೂ ಹಂಡೆಗೂ ಸಂಬಂಧವಿಲ್ಲ ಎಂದಳು ಅಮ್ಮ. ನಾನು ಕೋಟಿಗೆ ಪರದೆಯ ಒಂದು ಚೂರು, ಕಾಲರಿನ ಒಂದು ಚೂರು, ಉಳಿದಿದ್ದ ಒಂದು ಪುಟ್ಟ ಹಕ್ಕಿಯನ್ನು ಹೊಲಿದೆ. ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು. ಅಜ್ಜ ಮುಟ್ಟಿ ನೋಡಿ, ಹಕ್ಕಿಯ ಬಾಲ ಸಡಿಲವಾಗಿದೆ, ಬಿಚ್ಚಿ ಹೊಲಿ ಎಂದ. ಬಿಚ್ಚಿ ಹೊಲಿದೆ.

ಅಜ್ಜ ಮತಿಯಾಸನ ಹಾಗೆ ಗೋಡೆಗೆ ತಿರುಗಲಿಲ್ಲ. ಇನ್ನೂ ಕೆಲವು ತಿಂಗಳು, ಜಾಲಿಕಾಯಿ ಉದುರುವ ಕಾಲದವರೆಗೂ ಇದ್ದ, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹಾದುಹೋಗುವ ಬಣ್ಣಗಳನ್ನೆಲ್ಲ ಕೂಗಿ ಮಾತಾಡಿಸುತ್ತ. ಒಂದು ಬೆಳಿಗ್ಗೆ ಅದೇ ಕುರ್ಚಿಯಲ್ಲಿ, ಕಾಫಿ ಆರುತ್ತಿರುವಾಗ, ಹೋಗಿಬಿಟ್ಟ.

ಸೂತಕಕ್ಕೆಂದು ನಾವು ಹೊಲಿಗೆ ಬಿಚ್ಚಿ ಬಣ್ಣಗಳನ್ನು ತೆಗೆದೆವು. ಆಗ ಕಂಡಿತು: ಬಿಸಿಲಿಗೆ ಬಟ್ಟೆಯೆಲ್ಲ ಕಂದುಗಪ್ಪಾಗಿತ್ತು, ತೇಪೆಯ ಕೆಳಗೆ ಮಾತ್ರ ಕಪ್ಪು ಹೊಸದಾಗಿ ಉಳಿದಿತ್ತು. ದೊಡ್ಡಮ್ಮ ತಂದೆಯ ಹೆಣದ ಮುಂದೆ ಎದೆಯ ತುಂಬ ಕರಿಯ ಹಕ್ಕಿಗಳನ್ನು ಹೊತ್ತು ಕೂತಳು. ಬಂದವರೆಲ್ಲ ನೋಡಿದರು. ಹಸಿಂತಾ ಕೂಡ ನೋಡಿದಳು, ದೊಡ್ಡಮ್ಮನ ಪಕ್ಕದಲ್ಲೇ ಬಂದು ಕೂತಳು. ಕೋಟಿನ ಮೇಲಿನದನ್ನು ಬಿಚ್ಚಬೇಕೆಂದು ಅಮ್ಮ ಹೇಳಿದ್ದಳು. ಕತ್ತರಿ ಹಿಡಿದು ಹೋದವಳು ಹಾಗೇ ಮರಳಿ ಬಂದಳು. ಅದು ಅವನ ಜೊತೆಗೇ ಹೋಯಿತು.

ಅವನಿಗೆ ಗೊತ್ತಿತ್ತೇ? ನನ್ನ ಕರಿಯ ಬೆನ್ನು ಆ ದಿನ ಅವನಿಗೆ ಕಂಡಿತೇ, ಬೆರಳಿಗೆ ತಿಳಿದದ್ದು ಕೆನೆಗಟ್ಟಿದ ಕಣ್ಣಿಗೂ ತಿಳಿದಿತ್ತೇ? ಹಂಡೆ ಸಾವನ್ನು ಕರೆಯಿತೇ, ಇಲ್ಲ ಅದು ತನ್ನ ಪಾಡಿಗೆ ಬಂತೇ? ಬಾಯಿಬಿಡದೆ ಇರಲೆಂದು ಬೇಲಿಯ ಹತ್ತಿರ ದೊಡ್ಡಮ್ಮ ಹಸಿಂತಾಳಿಗೆ ಏನು ಮಾತು ಕೊಟ್ಟಳು? ಇವು ಯಾವುವೂ ನನಗೆ ಗೊತ್ತಿಲ್ಲ.