ಕುಂಕುಮವಿಟ್ಟ ಪ್ಯಾನಲ್

ಶುಕ್ರವಾರ ಬಂತೆಂದರೆ ಲೋಹಿತಾಳ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಹತ್ತರ ಆಸುಪಾಸಿಗೆ ಅವಳ ಫೋನಿನಲ್ಲಿ ಓಡುವ ಹಸಿರು ಗೆರೆ ಇದ್ದಕ್ಕಿದ್ದಂತೆ ಒಂದು ಮೆಟ್ಟಿಲು ಮೇಲೇರುತ್ತಿತ್ತು. ಐದು ಶುಕ್ರವಾರ, ಐದು ಮೆಟ್ಟಿಲು.

ಆ ಗೆರೆ ತೋರಿಸುತ್ತಿದ್ದುದು, ವಳ್ಳೂರಿನ ರೈತ ಓಬಳರಾಜುವಿನ ಹೊಲದ ಅಂಚಿನಲ್ಲಿ ನಿಲ್ಲಿಸಿದ್ದ ಸೋಲಾರ್ ಪ್ಯಾನಲ್ ಕೊಡುವ ಕರೆಂಟನ್ನು. ಮುಂದೊಂದು ದಿನ ಮನುಷ್ಯರು ಮಂಗಳ ಗ್ರಹಕ್ಕೆ ಹೋದರೆ ಇಂಥ ಪ್ಯಾನಲ್ಲುಗಳೇ ಅವರಿಗೆ ಕರೆಂಟು ಕೊಡಬೇಕು. ಅಲ್ಲಿನ ಧೂಳೋ ಹಿಟ್ಟಿಗಿಂತ ನುಣುಪು, ಕೂತರೆ ಏಳುವುದಿಲ್ಲ. ಅದಕ್ಕೇ ಅವಳು ಕೆಲಸ ಮಾಡುವ ಸಣ್ಣ ಕಂಪನಿ ಗಾಜಿನೊಳಗೆ ಕೂದಲೆಳೆಯಂಥ ತಂತಿ ಹೆಣೆದು, ಕರೆಂಟು ಹಾಯಿಸಿ, ಧೂಳು ತಾನಾಗಿ ಜಾರುವ ಉಪಾಯ ಮಾಡಿತ್ತು. ಹೋಲಿಸಿ ನೋಡಲು ಪಕ್ಕದಲ್ಲಿ ತಂತಿಯಿಲ್ಲದ ಇನ್ನೊಂದು. ಬೇಸಿಗೆ ಬಿಸಿಲು, ಮಳೆಯ ಸುದ್ದಿಯಿಲ್ಲ. ತಂತಿಯಿಲ್ಲದ್ದು ದಿನೇ ದಿನೇ ಮಂಕಾಯಿತು. ತಂತಿಯದ್ದು ಹೆಚ್ಚುಕಡಿಮೆ ಹೊಸದರಂತೆಯೇ ಉಳಿಯಿತು. ಇವತ್ತು ಆರನೆಯ ಶುಕ್ರವಾರ. ಸಂಜೆ ಐದರೊಳಗೆ ವರದಿ ಕಳಿಸಿದರೆ, ಅದು ಮಂಗಳಕ್ಕೆ ಹೋಗುವವರ ಮನೆಗೆ ಸಲಕರಣೆ ಆರಿಸುವ ಸಮಿತಿಯ ಮುಂದೆ ಹೋಗುತ್ತಿತ್ತು. ತಪ್ಪಿದರೆ ಮತ್ತೆ ಎರಡು ವರ್ಷ ಕಾಯಬೇಕು.

"ಏರಿದ್ರೆ ಖುಷಿ ಪಡಮ್ಮ. ಇಳಿದಾಗ ತಲೆ ಕೆಡಿಸ್ಕೊಳ್ಳೋಣ," ಎಂದಿದ್ದರು ಬೆಂಗಳೂರಿನಲ್ಲಿದ್ದ ಅವಳ ಮೇಲಧಿಕಾರಿ ಅನಿಲ್ ಕುಮಾರ್. ಆದರೆ ಧೂಳು ಎಲ್ಲಾದರೂ ವಾರ ನೋಡಿಕೊಂಡು ಜಾರುತ್ತದೆಯೇ?

ಕಣ್ಣಾರೆ ನೋಡಿಬಿಡೋಣವೆಂದು ತಾನಿದ್ದ ಮಧುಗಿರಿಯಿಂದ ಮೊದಲ ಬಸ್ಸು ಹಿಡಿದಳು. ಕಿಟಕಿಯಲ್ಲಿ ಬೆಟ್ಟ ಹಿಂದಾಗುತ್ತಿದ್ದಂತೆ ಅಜ್ಜಿ ಹನುಮಕ್ಕನ ಕಥೆ ನೆನಪಾಯಿತು. ಅವರೆಕಾಯಿ ಸುಲಿಯುತ್ತ ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ರಾಜನ ಮಗಳೊಬ್ಬಳು ಕೈಯಲ್ಲಿ ದೀಪ ಹಿಡಿದು ಏಳು ಮುಗಿಲು ದಾಟುತ್ತಿದ್ದಳು. "ಅಲ್ಲೀಗಂಟ ದೀಪಕ್ಕೆ ಎಣ್ಣೆ ಯಾರಜ್ಜಿ ಹಾಕಿದ್ದು?" ಎಂದರೆ ಅಜ್ಜಿ ಗದರುತ್ತಿದ್ದಳು: "ಅಂಗೆಲ್ಲ ಕೇಳಬ್ಯಾಡ ಕಣಮ್ಮ, ದೀಪ ಆರೋಯ್ತದೆ." ಆ ಉತ್ತರ ಲೋಹಿತಾಳಿಗೆ ಅಂದೂ ರುಚಿಸಿರಲಿಲ್ಲ.

ವಳ್ಳೂರಿನಲ್ಲಿಳಿದು, ಹೊಲದ ಬದುವಿನ ಹೊಂಗೆಮರದ ಕೆಳಗೆ ಕೂತಳು, ಎದ್ದಳು, ಮತ್ತೆ ಕೂತಳು. ಹತ್ತಕ್ಕೆ ಇನ್ನೂ ಐದು ನಿಮಿಷವಿರುವಾಗ ದಾಸಮ್ಮ ಬಂದಳು. ಬೆಳಗಿನ ಜಾವದಿಂದ ಸೋಲಾರ್ ಪಾರ್ಕಿನಲ್ಲಿ ಪ್ಯಾನಲ್ ತೊಳೆದು ಮನೆಗೆ ಮರಳುವ ಹೆಂಗಸು. ಅವಳು ಚಪ್ಪಲಿ ಬಿಟ್ಟಳು. ಸೊಂಟದಿಂದ ಬಟ್ಟೆ ತೆಗೆದು ತಂತಿಯ ಪ್ಯಾನಲ್ಲನ್ನು ಮೇಲಿನಿಂದ ಕೆಳಕ್ಕೆ ನೀಟಾಗಿ ಒರೆಸಿ, ಬೆರಳು ಕಣ್ಣಿಗೊತ್ತಿಕೊಂಡಳು.

ಲೋಹಿತಾಳ ಕೈಯಲ್ಲಿದ್ದ ಫೋನಿನಲ್ಲಿ ಗೆರೆ ಮೆಟ್ಟಿಲೇರಿತು.

"ಅಕ್ಕಾ, ಏನ್ ಮಾಡ್ತಿದ್ದೀಯ?"

"ಏನಮ್ಮಾಯಿ, ಯಾವಾಗ ಬಂದೆ?" ದಾಸಮ್ಮ ನಕ್ಕಳು. "ನೀನು ದೂರದ್ಲಿರ್ತೀಯ. ಅದಕ್ಕೆ ಶುಕ್ರಾರ ಶುಕ್ರಾರ ನಾನೇ ಒರಸ್ತೀನಿ."

"ಮುಟ್ಟಬಾರದು ಅಂತ ಅವತ್ತೇ ಹೇಳಿದ್ನಲ್ಲ?"

"ನಾನೆಲ್ಲಿ ಮುಟ್ದೆ? ಬಟ್ಟೆ ಮುಟ್ತು."

"ಹಂಗಾದ್ರೆ ಇನ್ನೊಂದನ್ನ ಯಾಕೆ ಒರೆಸ್ಲಿಲ್ಲ?"

"ಅದಕ್ಕೆ ನೀನು ಕುಂಕುಮ ಇಟ್ಟಿಲ್ವಲ್ಲ. ಇದಕ್ಕೆ ನೀನೇ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದೆ. ಪೂಜೆ ಮಾಡಿದ್ದನ್ನ ಧೂಳಲ್ಲಿ ಬುಟ್ಟು ಹೋಗಕ್ಕೆ ಮನಸ್ಸು ಬರ್ತದಾ?"

ಲೋಹಿತಾ ಚೌಕಟ್ಟಿನ ಮೂಲೆ ನೋಡಿದಳು. ತಾನೇ ಇಟ್ಟ ಬೊಟ್ಟು. ಹೊಸ ಯಂತ್ರವೆಂದರೆ ಪೂಜೆಯಿಲ್ಲದೆ ಶುರು ಮಾಡುವ ಅಭ್ಯಾಸ ಅವರ ಮನೆಯಲ್ಲಿರಲಿಲ್ಲ. ಕಾಯಿಚೂರನ್ನು ದಾಸಮ್ಮನ ಕೈಗೆ ಹಾಕಿದವಳೂ ಅವಳೇ.

"ಅಲ್ಲ, ಆ ಮಂಗಳಕ್ಕೆ ಜನ ಹೋಗ್ತಾರೆ ಅಂತೀಯ," ಎಂದಳು ದಾಸಮ್ಮ. " ಒಬ್ಬರ ಕೈಗೂ ಒಂದು ಬಟ್ಟೆ ಕೊಡಕಾಗಲ್ವಾ?"

"ಜನ ಹೋಗೋದು ಆಮೇಲೆ ಅಕ್ಕ. ಎರಡು ವರ್ಷ ಮುಂಚೆ ಯಂತ್ರಗಳು ಹೋಗಿ, ಅವರು ಉಸಿರಾಡೋ ಗಾಳಿ ಮಾಡಿ ತುಂಬಿಡ್ಬೇಕು. ಆಗ ಒರೆಸೋಕೆ ಯಾರೂ ಇರಲ್ಲ. ಈ ಪ್ಯಾನಲ್ ಮಂಕಾದ್ರೆ ಗಾಳಿ ತಯಾರಾಗಲ್ಲ."

ದಾಸಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಬೆನ್ನ ಹಿಂದೆ ಸರಿಸಿದಳು. "ನಾನು ಬರ್ತೀನೀಂತ ಯಾರಿಗೂ ಹೇಳಬ್ಯಾಡ ಬುಡು. ನಿನ್ನ ಕೆಲಸ ಆಗ್ಲಿ."

ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಲೋಹಿತಾ ಬದುವಿನುದ್ದಕ್ಕೂ ಆ ತುದಿಗೆ ಹೋದಳು, ಈ ತುದಿಗೆ ಬಂದಳು. ಮೂರನೆಯ ಸಲ ತಿರುಗುವಾಗ ಅನಿಲ್ ಕುಮಾರ್‌ಗೆ ಫೋನು ಮಾಡಿ ಎಲ್ಲವನ್ನೂ ಹೇಳಿಬಿಟ್ಟಳು.

ಅವರು ಒಪ್ಪಲಿಲ್ಲ. "ವಾರಕ್ಕೊಂದ್ಸಲ ಒರೆಸಿದ್ದು ತಾನೆ? ತಂತಿ ಕೆಲಸ ಮಾಡಿಲ್ಲ ಅಂತ ಹೆಂಗೆ ಹೇಳ್ತೀಯ?"

"ಮಾಡಿದೆ ಅಂತಾನೂ ಹೇಳಕ್ಕಾಗಲ್ಲ ಸಾರ್. ನಂಗೊತ್ತಿಲ್ಲ. ವರದೀಲಿ ಅದನ್ನೇ ಬರೀತೀನಿ."

"ಎರಡು ವರ್ಷ ಕಾಯ್ಬೇಕು ಲೋಹಿತಾ."

"ಗೊತ್ತು ಸಾರ್."

ಅವರು ಫೋನಿಟ್ಟರು. ಲೋಹಿತಾ ದುಪಟ್ಟಾದ ತುದಿ ಒದ್ದೆ ಮಾಡಿ ಚೌಕಟ್ಟಿನ ಕುಂಕುಮ ಉಜ್ಜಿದಳು. ದಾಸಮ್ಮ ಮುಖ ಆ ಕಡೆ ಮಾಡಿಕೊಂಡಳು, ಸ್ವಲ್ಪ ಹೊತ್ತಿಗೆ ತಿರುಗಿ, "ಇವತ್ತೊಂದಿನ ಇನ್ನೊಂದ್ಸಲ ಒರೆಸಬೋದಾ?" ಎಂದಳು.

"ಎರಡನ್ನೂ ಒರೆಸ್ಬೇಕು. ಎರಡಕ್ಕೂ ಇವತ್ತಿಂದ ಹೊಸ ಲೆಕ್ಕ."

ಇಬ್ಬರೂ ಸೇರಿ ಒರೆಸಿದರು. ಸಂಜೆ ಐದರೊಳಗೆ 'ಗೊತ್ತಿಲ್ಲ' ಎಂದೇ ಬರೆದ ವರದಿ ಹೋಯಿತು.

ಮುಂದಿನ ಶುಕ್ರವಾರ ಲೋಹಿತಾ ಮಧುಗಿರಿಯ ಬಸ್‌ ಸ್ಟ್ಯಾಂಡಿನಲ್ಲಿ ಕಾಫಿ ಆರಲು ಬಿಟ್ಟು ಫೋನು ನೋಡುತ್ತ ನಿಂತಿದ್ದಳು. ಹತ್ತಾಯಿತು. ಹತ್ತೂಕಾಲಾಯಿತು. ಮೆಟ್ಟಿಲು ಕಾಣಲಿಲ್ಲ. ಎರಡೂ ಪ್ಯಾನಲ್ಲುಗಳ ಗೆರೆಗಳು ದಿನದಿಂದ ದಿನಕ್ಕೆ ಇಳಿಯುತ್ತಿದ್ದವು, ತಂತಿಯದ್ದು ಕೂದಲೆಳೆಯಷ್ಟು ಹೆಚ್ಚು ನಿಧಾನವಾಗಿ. ಅದು ತಂತಿಯ ಗುಣವೋ ಗಾಳಿಯ ಗುಣವೋ ಇನ್ನೂ ಹೇಳುವಂತಿರಲಿಲ್ಲ. ಅಲ್ಲಿ ವಳ್ಳೂರಿನ ಬದುವಿನ ಮೇಲೆ, ಬಟ್ಟೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಅತ್ತ ನೋಡದೆ ದಾಟಿಹೋಗುತ್ತಿರುವ ದಾಸಮ್ಮ ಅವಳ ಕಣ್ಣಿಗೆ ಕಟ್ಟಿದಳು.