ಬಾರಿನ ಮೇಜಾದ ದೋಣಿ

ನಾನು ಒಂದು ದೋಣಿ. ಈಗ ನನ್ನನ್ನು ನೋಡಿದವರೆಲ್ಲ ಮೇಜು ಅನ್ನುತ್ತಾರೆ, ಅನ್ನಲಿ. ಕುಂದಾಪುರದ ಉತ್ತರಕ್ಕೆ ಕಡಲ ದಂಡೆಯಲ್ಲಿ ಆಚಾರಿಯೊಬ್ಬರು ಹೆಬ್ಬಲಸಿನ ಹಲಗೆ ಜೋಡಿಸಿ, ಅಂಚಿನುದ್ದಕ್ಕೂ ತೂತು ಕೊರೆದು, ತೆಂಗಿನ ನಾರಿನ ಹಗ್ಗದಿಂದ ಬಟ್ಟೆ ಹೊಲಿದ ಹಾಗೆ ನನ್ನನ್ನು ಹೊಲಿದರು. ಮೈಗೆ ಮೀನೆಣ್ಣೆ ಬಳಿದ ದಿನ ನನ್ನ ವಾಸನೆಗೆ ನನಗೇ ಹೆಮ್ಮೆ.

ನನ್ನ ಯಜಮಾನ ಹೆರಿಯ. ಅವನ ಜೊತೆ ಬಲೆ ಎಳೆಯುತ್ತಿದ್ದವನು ಮಾಧವ, ಚಡ್ಡಿ ಹಾಕುವ ಕಾಲದ ಸ್ನೇಹಿತ. ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ಅವರಿಬ್ಬರ ಬರಿಗಾಲು. ದೋಣಿಗೆ ಚಪ್ಪಲಿ ಕಾಲಲ್ಲಿ ಯಾರೂ ಹತ್ತುವುದಿಲ್ಲ. ಒಮ್ಮೆ ಮೀನು ಕೊಳ್ಳಲು ಬಂದವನೊಬ್ಬ ಬೂಟು ಹಾಕಿಕೊಂಡೇ ಹತ್ತಿದ್ದ. ಮಾಧವ ಅವನನ್ನು ಕೆಳಗಿಳಿಸಿ, ಸಮುದ್ರದ ನೀರು ಎರಚಿ ನನ್ನನ್ನು ತೊಳೆದಿದ್ದ. ಅವತ್ತು ನನಗೆ ಹೆರಿಯನಿಗಿಂತ ಮಾಧವನ ಮೇಲೇ ಪ್ರೀತಿ ಜಾಸ್ತಿಯಾಯಿತು.

ಆಮೇಲೆ ಹೆರಿಯ ಮೋಟಾರು ಇರುವ ಫೈಬರ್ ದೋಣಿ ತಂದ. ನಾನು ದಂಡೆಯ ಮೇಲೆ ಉಳಿದೆ. ಹಳೆ ದೋಣಿ ಕೊಂಡು ಒಡೆಯುವವರು ಬಂದರೆ ಹೆರಿಯ ಅಟ್ಟಿಬಿಡುತ್ತಿದ್ದ. ಮಾಧವನೇ ಒಂದು ದಿನ ಸುದ್ದಿ ತಂದ: ಹೊಳೆಯಲ್ಲಿ ಚಿಪ್ಪು ಹೆಕ್ಕುವವರಿಗೆ ದೋಣಿ ಬೇಕಂತೆ, ನೀರಿನಲ್ಲೇ ಇರುತ್ತದಂತೆ. ಹೆರಿಯ ಅವನನ್ನು ನಂಬಿ ನನ್ನ ಮೂತಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು ಕಳಿಸಿದ. ಹೊಳೆ ನೋಡುತ್ತೇನೆಂದು ನಾನು ಎಷ್ಟು ಖುಷಿಯಲ್ಲಿದ್ದೆ! ಟೆಂಪೋ ನಿಂತದ್ದು ಮರದ ಮಿಲ್ಲಿನ ಮುಂದೆ. ಗರಗಸದ ಹತ್ತಿರ ಮಾಧವ ನಿಂತಿದ್ದ, ಕಾಲಲ್ಲಿ ಚಪ್ಪಲಿ ಇತ್ತು.

ನನ್ನ ಅರ್ಧ ಎಲ್ಲಿ ಹೋಯಿತೋ ಗೊತ್ತಿಲ್ಲ. ಉಳಿದ ಅರ್ಧಕ್ಕೆ ಗಾಜಿನಂಥ ಬಣ್ಣ ಹೊಯ್ದು ಹೆದ್ದಾರಿ ಬದಿಯ ಈ ಹೊಸ ಬಾರಿನಲ್ಲಿ ಉದ್ದನೆಯ ಮೇಜು ಮಾಡಿದರು, ಕೆಳಗೆ ಕಾಲಿಡಲು ನನ್ನದೇ ಒಂದು ಪಕ್ಕೆ. ನೀಲಿ ದೀಪ, ಮಂಜುಗಡ್ಡೆಯ ಮೇಲೆ ಚಿಪ್ಪು, ಗೋಡೆಯಷ್ಟು ದೊಡ್ಡ ಗಾಜಿನಾಚೆ ಕಡಲು.

ಒಂದು ಸಂಜೆ ಬಾಗಿಲು ತೆರೆದು ಹೆರಿಯ ಒಳಗೆ ಬಂದ, ಹಿಂದೆಯೇ ಮಾಧವ. ಅವರ ಮಾತಿನಿಂದಲೇ ತಿಳಿಯಿತು, ಮದುವೆ ಮನೆಯಿಂದ ಬರುವಾಗ ದೀಪ ಕಂಡು ಹೆರಿಯನೇ ಹಟ ಹಿಡಿದಿದ್ದ. ಇಲ್ಲಿ ಊಟ ಚೆನ್ನಾಗಿಲ್ಲ ಎಂದು ಮಾಧವ ಇನ್ನೂ ಗೊಣಗುತ್ತಿದ್ದ. ಹೆರಿಯ ಬಂದು ನನ್ನ ಎದುರಿಗೇ ಕುಳಿತ. ಈಗ ಗುರುತಿಸುತ್ತಾನೆ, ಈಗ ಎಂದು ನಾನು ಕಾದೆ. ಅವನು ಬಾಲ ಮೇಲೆ ಮಾಡಿ ನೆಟ್ಟಗೆ ನಿಲ್ಲಿಸಿದ್ದ ಸಿಗಡಿಯ ತಟ್ಟೆ ನೋಡಿ ನಕ್ಕ.

"ಇದೆಂತ ಮಾರಾಯ, ಸಿಗಡಿ ತಪಸ್ಸಿಗೆ ನಿಂತದ್ದಾ?"

ನಗುತ್ತಲೇ ಬಣ್ಣ ತಾಗದ ನನ್ನ ಅಂಚು ಹಿಡಿದ. ಬಲೆಯ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗುಳಿಗೆ ಅವನ ಹೆಬ್ಬೆರಳು ತಾನಾಗಿ ಇಳಿಯಿತು. ನಗು ನಿಂತಿತು. ಬೆರಳು ಹೊಲಿಗೆಯ ತೂತುಗಳ ಸಾಲು ಹಿಡಿದು ನಿಧಾನ ಸರಿಯಿತು. ಆಗಲೇ ಸಪ್ಲೈಯರ್ ಬಂದು, ಮಾಧವಣ್ಣ ಬಹಳ ದಿನ ಆಯ್ತಲ್ಲ, ನಿಮ್ಮ ದೋಣಿ ನೋಡಿ ಎಲ್ಲರೂ ಫೋಟೋ ತೆಗೆಯುತ್ತಾರೆ ಎಂದು ಸಂಭ್ರಮದಿಂದ ಹೇಳಿ ಹೋದ.

ಹೆರಿಯ ಬಗ್ಗಿ ಕೆಳಗೆ ನೋಡಿದ. ಮಾಧವನ ಕಾಲು ನನ್ನ ಪಕ್ಕೆಯ ಮೇಲಿತ್ತು.

"ಚಪ್ಪಲಿ ಕಾಲ್ ತೆಗಿ, ಮಾಧವ."

ಮಾಧವ ಕಾಲು ತೆಗೆದ. "ಅಲ್ಲೇ ಇದ್ದಿದ್ರೆ ಗೆದ್ದಲ್ ತಿಂತಿತ್ತ್. ನಿನ್ ಹತ್ರ ಹೇಳ್ರೆ ನೀನ್ ಕೊಡ್ತಿದ್ಯಾ?"

"ಕೊಡ್ತಿರ್ಲಿಲ್ಲ. ಅದಕ್ಕೇ ನೀನ್ ಹೇಳ್ಬೇಕಿತ್ತ್." ಹೆರಿಯ ಎದ್ದ. "ನಾಳೆಯಿಂದ ನನ್ ದೋಣಿಗೆ ಬರ್ಬೇಡ."

ನನ್ನನ್ನು ಕರೆದುಕೊಂಡು ಹೋಗುತ್ತಾನೆಂದು ಬಾಗಿಲು ಮುಚ್ಚುವವರೆಗೂ ನಂಬಿದ್ದೆ. ಅವನು ತಿರುಗಿಯೂ ನೋಡಲಿಲ್ಲ.

ಈಗ ನನ್ನ ಮೈಯ ಹೊಳಪು ಮಾಸುತ್ತಿದೆ. ಕೆಲವು ಸಂಜೆ ಮಾಧವ ಒಬ್ಬನೇ ಬಂದು ಕೂರುತ್ತಾನೆ. ಗಾಜಿನಾಚೆ ದಡದ ಹತ್ತಿರ ಹೆರಿಯ ಹೊಸಬನೊಬ್ಬನ ಜೊತೆ ಬಲೆ ಎಳೆಯುತ್ತಿರುತ್ತಾನೆ. ಇಬ್ಬರೂ ಒಂದೇ ಉಸಿರಿಗೆ ಎಳೆಯಬೇಕು; ಹೊಸಬ ಇನ್ನೂ ತಡ ಮಾಡುತ್ತಾನೆ. ಆಗೆಲ್ಲ ನನ್ನ ಮೇಲಿಟ್ಟ ಮಾಧವನ ಮುಷ್ಟಿ ಸರಿಯಾದ ಹೊತ್ತಿಗೆ ಬಿಗಿಯುತ್ತದೆ. ಒಮ್ಮೆಯೂ ತಪ್ಪುವುದಿಲ್ಲ. ನನಗೆ ಅವನ ಮೇಲೆ ಕನಿಕರ ಬರಬೇಕಿತ್ತು, ಬರುವುದಿಲ್ಲ.