ಕೇಳಲು ಹೊರಟ ವಾರ

ಡ್ರೈವಿಂಗ್ ಕಲಿಸುವ ಮೇಷ್ಟ್ರಿಗೆ ಎರಡೂ ಕಿಡ್ನಿ ಕೈಕೊಟ್ಟು ವರ್ಷ ದಾಟಿತ್ತು. ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗಿ, ಯಂತ್ರದ ಪಕ್ಕ ಮಲಗಿ, ರಕ್ತ ತೊಳೆಸಿಕೊಂಡು ಬರುತ್ತಿದ್ದರು. ಬಂದ ದಿನ ಹಿಂಡಿಟ್ಟ ಬಟ್ಟೆಯಂತೆ ಬಿದ್ದುಕೊಳ್ಳುತ್ತಿದ್ದರು. ಮರುದಿನ ಒಂದಿಷ್ಟು ಜೀವ ಬರುತ್ತಿತ್ತು. ಇತ್ತೀಚೆಗೆ ಆ ಮರುದಿನವೂ ಸೊರಗತೊಡಗಿತ್ತು. ತೋಳಿನಲ್ಲಿ ಸೂಜಿ ಚುಚ್ಚುವ ಜಾಗ ಪದೇಪದೇ ಕಟ್ಟಿಕೊಳ್ಳುತ್ತಿತ್ತು. ಡಾಕ್ಟರು ಹೆಂಡತಿಯನ್ನು ಪಕ್ಕಕ್ಕೆ ಕರೆದು, "ಮನೆಯವರಲ್ಲಿ ಯಾರಾದ್ರೂ ಒಂದು ಕಿಡ್ನಿ ಕೊಡೋ ಹಾಗಿದ್ರೆ ಈಗಲೇ ನೋಡಿ. ತಡ ಮಾಡಿದ್ರೆ ಇವರ ಮೈ ಆಪರೇಷನ್ ತಡ್ಕೊಳ್ಳೋದಿಲ್ಲ," ಎಂದಿದ್ದರು.

ಅವಳು ಮೊದಲು ತನ್ನದನ್ನೇ ಕೊಡಲು ಹೋಗಿದ್ದಳು. ರಕ್ತದ ಗುಂಪು ಹೊಂದಲಿಲ್ಲ. ಇಷ್ಟು ವರ್ಷ ಒಂದೇ ಪಾತ್ರೆಯ ಅನ್ನ ಉಂಡೂ ರಕ್ತ ಬೇರೆಯಾಗಿಯೇ ಉಳಿದದ್ದು ಅವಳಿಗೆ ಯಾರೋ ಮಾಡಿದ ಮೋಸದಂತೆ ಕಂಡಿತು. ಮಕ್ಕಳಿರಲಿಲ್ಲ. ಉಳಿದವರು ಮೇಷ್ಟ್ರ ಕಡೆಯವರು ಮೂವರು: ಬೇಕರಿ ನಡೆಸುವ ತಮ್ಮ, ಗಿಡಗಳ ನರ್ಸರಿಯಲ್ಲಿ ಕೆಲಸ ಮಾಡುವ ತಂಗಿ, ಸೈಕಲ್ ರಿಪೇರಿ ಮಾಡುವ ಚಿಕ್ಕಪ್ಪನ ಮಗ ಗುಂಡ. ಹುಟ್ಟಿದಾಗ ದುಂಡಗಿದ್ದನೆಂದು ಇಟ್ಟ ಹೆಸರು. ಈಗ ಆಸಾಮಿ ಕಡ್ಡಿಯಂತಿದ್ದ.

ಇಂಥದ್ದನ್ನು ಫೋನಿನಲ್ಲಿ ಕೇಳಲು ಸಾಧ್ಯವೇ? ಎದುರಿಗೆ ಕೂತು, ಮುಖ ನೋಡಿ ಕೇಳಬೇಕು. ಅವಳು ಪರದೆ ಹೊಲಿಯುವ ಅಂಗಡಿಗೆ ಒಂದು ವಾರ ರಜೆ ಹಾಕಿದಳು. "ಎಲ್ಲರನ್ನೂ ನೋಡಿ ಎಷ್ಟು ದಿನ ಆಯ್ತು, ಒಂದು ಸುತ್ತು ಹೋಗಿ ಬರೋಣ ಕಣ್ರೀ," ಎಂದು ಗಂಡನಿಗೆ ಹೇಳಿದಳು. ಮೇಷ್ಟ್ರು ಅವಳನ್ನು ಒಂದು ಗಳಿಗೆ ನೋಡಿ, "ಹೂಂ, ಹೋಗೋಣ," ಎಂದರು. ಎರಡು ಮಾತಿಲ್ಲದೆ ಒಪ್ಪುವುದು ಅವರ ಜಾಯಮಾನವಲ್ಲ. ಆದರೆ ಆಗ ಅವಳ ತಲೆಯಲ್ಲಿ ಬೇರೇನೂ ಹೊಳೆಯುವಷ್ಟು ಜಾಗವಿರಲಿಲ್ಲ.

ಬರಿಗೈಯಲ್ಲಿ ಹೋಗಿ ಕೇಳಲು ಅವಳಿಗೆ ಮನಸ್ಸು ಬರಲಿಲ್ಲ. ಮೊದಲ ದಿನ ಬೆಳಗ್ಗೆ ಎದ್ದು, ಮೈದುನನಿಗೆ ಇಷ್ಟವೆಂದು ಕೋಳಿಯನ್ನು ಈರುಳ್ಳಿ, ಮೆಣಸಿನ ಜೊತೆ ನಿಧಾನವಾಗಿ ಬೇಯಿಸಿದಳು. ಗಂಡನಿಗೆ ಬೇರೆ ಅಡುಗೆ: ಆಲೂಗಡ್ಡೆಯನ್ನು ಸಣ್ಣಗೆ ಹೆಚ್ಚಿ, ಬೇಯಿಸಿ, ನೀರು ಚೆಲ್ಲಿ, ಮತ್ತೆ ಬೇಯಿಸಿ, ಉಪ್ಪಿಲ್ಲದೆ ಡಬ್ಬಿಗೆ ತುಂಬಿದ್ದು. ದಿನಕ್ಕಿಷ್ಟೇ ನೀರು ಎಂದು ಡಾಕ್ಟರು ಕಟ್ಟು ಹಾಕಿದ್ದರಿಂದ ಅದಕ್ಕೊಂದು ಪುಟ್ಟ ಬಾಟಲಿ. ಕಾರನ್ನು ಅವಳೇ ಓಡಿಸಿದಳು. ಅದು ಶಿಷ್ಯರಿಗೆ ಕಲಿಸುವ ಹಳೇ ಕಾರು. ಪಕ್ಕದ ಸೀಟಿನ ಕಾಲಡಿಯಲ್ಲೂ ಒಂದು ಬ್ರೇಕ್ ಇತ್ತು. ಮೇಷ್ಟ್ರು ಅಲ್ಲಿ ಕೂತು, ಅವಳು ತಿರುವಿನಲ್ಲಿ ಸ್ವಲ್ಪ ವೇಗವಾಗಿ ಹೋದರೆ ಸಾಕು, ಹೇಳದೆ ಕೇಳದೆ ಒತ್ತಿಬಿಡುತ್ತಿದ್ದರು.

"ನೀವು ಹೀಗೆ ಒತ್ತುತ್ತಾ ಇದ್ರೆ ನಾಳೆಗೆ ಮುಟ್ಟುತ್ತೀವಿ," ಎಂದಳು.

"ಮುಟ್ಟೋದು ಮುಖ್ಯ," ಎಂದು ಅವರು ಕಿಟಕಿಯ ಕಡೆ ತಿರುಗಿದರು.

ತಮ್ಮನ ಮನೆ ಬೇಕರಿಯ ಮೇಲಿನ ಮಹಡಿಯಲ್ಲಿತ್ತು. ಕೆಳಗಿನ ಒಲೆಯ ಕಾವಿಗೆ ನೆಲವೆಲ್ಲ ಬೆಚ್ಚಗೆ. ಓರಗಿತ್ತಿ ನಗುನಗುತ್ತ ಬಾಗಿಲು ತೆಗೆದಳು, ಡಬ್ಬಿ ಇಸಿದುಕೊಂಡಳು, ಮಕ್ಕಳನ್ನು ಕರೆದು ದೊಡ್ಡಪ್ಪನ ಮುಂದೆ ನಿಲ್ಲಿಸಿದಳು. ಊಟಕ್ಕೆ ಕೂತ ಮೇಲೆ ಮೇಷ್ಟ್ರ ಹೆಂಡತಿ ಎರಡು ಸಲ ಮಾತು ತೆಗೆಯಲು ನೋಡಿದಳು. "ಡಾಕ್ಟರು ಏನು ಹೇಳಿದ್ರು ಅಂದ್ರೆ..." ಎನ್ನುವಷ್ಟರಲ್ಲಿ ಓರಗಿತ್ತಿ, "ಅಕ್ಕ, ನೀವೇನೂ ಹಾಕ್ಕೊಂಡೇ ಇಲ್ಲ," ಎಂದು ಸೌಟು ಹಿಡಿದು ಬರುತ್ತಿದ್ದಳು. ಮೈದುನ ಕೋಳಿಯ ಎಲುಬನ್ನೇ ನೋಡುತ್ತಾ ತಿಂದ. ಕಿಟಕಿಯಲ್ಲಿ ಅವಳೇ ಹೊಲಿದುಕೊಟ್ಟ ಪರದೆ ತೂಗುತ್ತಿತ್ತು. ಅದರ ಅಂಚು ನೋಡುತ್ತಾ ಅವಳು ಧೈರ್ಯ ಕೂಡಿಸಿಕೊಂಡಳು. ಹೊರಡುವಾಗ ಮೆಟ್ಟಿಲ ಮೇಲೆ ಮೈದುನನನ್ನು ತಡೆದು ನಿಲ್ಲಿಸಿದಳು.

"ನಿಂದೂ ಅಣ್ಣಂದೂ ಒಂದೇ ರಕ್ತದ ಗುಂಪು, ಅಲ್ವೇನೋ?"

"ಇರಬಹುದು ಅತ್ತಿಗೆ."

"ಒಂದು ಸಲ ಟೆಸ್ಟಿಗೆ ಬಾ. ಬರೀ ಟೆಸ್ಟು. ಆಮೇಲಿನದು ಆಮೇಲೆ."

"ಈಗ ಆಗೋದಿಲ್ಲ ಅತ್ತಿಗೆ. ಮಕ್ಕಳು ಚಿಕ್ಕವರು, ನಾನು ಒಲೆ ಮುಂದೆ ನಿಂತು ದುಡಿಯೋನು." ಬಾಯಿಪಾಠ ಮಾಡಿದ ಹಾಗೆ ಗಡಗಡನೆ ಹೇಳಿ ಮುಗಿಸಿದ. ಆಮೇಲೆ ಕೆಳಗಿಳಿದು ಹೋಗಿ ಒಂದು ಕೇಕ್ ಕಟ್ಟಿಸಿ ತಂದು ಅವಳ ಕೈಗಿಟ್ಟ.

ಮರುದಿನ ಆಸ್ಪತ್ರೆ. ಅದರ ಮರುದಿನ ಗುಂಡನ ಮನೆ. ಮುಂದೆ ಸೈಕಲ್ ಅಂಗಡಿ, ಹಿಂದೆ ಒಂದೇ ಕೋಣೆ, ಅದರಲ್ಲಿ ಅವನೊಬ್ಬನೇ. ಮೇಷ್ಟ್ರಿಗೆ ಅವತ್ತು ಕಾಲು ಊದಿಕೊಂಡಿತ್ತು. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಒಳಗೆ ಬಂದರು. ಗುಂಡ ಟ್ಯೂಬು, ಸ್ಪ್ಯಾನರುಗಳನ್ನು ಸರಿಸಿ ಜಾಗ ಮಾಡಿದ. ಅವಳು ತಂದಿದ್ದ ಹುರಿದ ಮೀನನ್ನು ಕಂಡು, "ಅತ್ತಿಗೆ, ಇಷ್ಟು ಉಪಚಾರ ಮಾಡಿದ್ರೆ ನಾನು ಮದುವೆಗೆ ಒಪ್ಕೊಂಡುಬಿಡ್ತೀನಿ," ಎಂದ. ಅವಳು ನಗಲಿಲ್ಲ. ಈ ಸಲ ಊಟ ಮುಗಿಯುವವರೆಗೂ ಕಾಯಲಿಲ್ಲ. ಅವನ ಬಾಯಲ್ಲಿ ತುತ್ತಿರುವಾಗಲೇ ಕೇಳಿಬಿಟ್ಟಳು.

ಗುಂಡ ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ತಂದಿಟ್ಟ. "ನನ್ನೊಳಗೆ ಒರಿಜಿನಲ್ ಪಾರ್ಟ್ ಯಾವುದೂ ಇಲ್ಲ ಅತ್ತಿಗೆ," ಎಂದ. ಮಾತು ತಮಾಷೆಯದು, ದನಿ ತಮಾಷೆಯದಲ್ಲ. "ಆಗಲ್ಲ" ಎಂದಾಗ ಅವನು ನೋಡಿದ್ದು ಅವಳನ್ನಲ್ಲ, ಮೇಷ್ಟ್ರನ್ನು. ಮೇಷ್ಟ್ರು ಊದಿದ ಪಾದದ ಮೇಲೆ ಹೆಬ್ಬೆರಳಿನಿಂದ ಒತ್ತಿ, ಬಿದ್ದ ಗುಳಿಯನ್ನು ನೋಡುತ್ತಾ ಕೂತಿದ್ದರು.

ವಾಪಸು ಬರುವಾಗ ಅವಳಿಗೆ ರಸ್ತೆ ಮಂಜಾಗಿ ಕಂಡಿತು. ಇನ್ನು ಉಳಿದದ್ದು ನಾದಿನಿ ಒಬ್ಬಳೇ.

ನಾದಿನಿಯ ಊರಿನ ದಾರಿ ಸ್ವಲ್ಪ ದೂರ. ಅವಳಿಗೆಂದು ಬೇಯಿಸಿದ ಮೊಟ್ಟೆಯ ಸಾರು ದಾರಿಯಲ್ಲಿ ತುಳುಕಿ ಹಿಂದಿನ ಸೀಟೆಲ್ಲ ವಾಸನೆಯಾಗಿತ್ತು. ನಾದಿನಿ ನರ್ಸರಿಯಿಂದ ನೇರ ಬಂದವಳು, ಉಗುರಿನಲ್ಲಿ ಇನ್ನೂ ಮಣ್ಣಿತ್ತು. ಅಣ್ಣನನ್ನು ಮಂಚದ ಮೇಲೆ ಮಲಗಿಸಿ, ಕಾಲಿನಡಿ ದಿಂಬು ಕೊಟ್ಟು, ಅತ್ತಿಗೆಯನ್ನು ಅಡುಗೆಮನೆಗೆ ಕರೆದೊಯ್ದಳು. ನಲ್ಲಿ ಜೋರಾಗಿ ಬಿಟ್ಟಳು, ಹೊರಗೆ ಕೇಳದಿರಲಿ ಎಂದು.

"ನೀವು ಕೇಳೋ ಮೊದಲೇ ಹೇಳ್ಬಿಡ್ತೀನಿ ಅತ್ತಿಗೆ. ನಾನು ಹೋಗಿದ್ದೆ."

"ಎಲ್ಲಿಗೆ?"

"ಆಸ್ಪತ್ರೆಗೆ. ಹೋದ ತಿಂಗಳೇ. ಬಿ.ಪಿ. ನೋಡಿದೋರು ಮುಂದಕ್ಕೇ ಬಿಡಲಿಲ್ಲ. ನನಗೆ ಬಿ.ಪಿ. ಇದೆ ಅನ್ನೋದೇ ಗೊತ್ತಿರಲಿಲ್ಲ. ಮಾತ್ರೆ ಬರೆದು, 'ಮೊದಲು ನಿಮ್ಮ ಕಿಡ್ನಿ ಉಳಿಸ್ಕೊಳ್ಳಿ' ಅಂತ ವಾಪಸ್ ಕಳಿಸಿದ್ರು." ನಾದಿನಿ ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. "ನಿಮಗೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಅಣ್ಣನೇ ಫೋನ್ ಮಾಡಿದ."

"ಏನಂತ?"

"'ನಿಮ್ಮತ್ತಿಗೆ ಕೇಳೋಕೆ ಬರ್ತಾಳೆ. ಆಗಲ್ಲ ಅಂದ್ಬಿಡು, ನನ್ನಾಣೆ' ಅಂತ. ಎಲ್ಲರಿಗೂ ಮಾಡಿದ್ದಾನೆ ಅತ್ತಿಗೆ. ಬೇಕರಿಯವನಿಗೂ, ಗುಂಡನಿಗೂ."

ಅವಳು ನಲ್ಲಿ ನಿಲ್ಲಿಸಿದಳು. ಹೊರಗೆ ಮೇಷ್ಟ್ರು ಕೆಮ್ಮುವುದು ಕೇಳಿಸಿತು. ಊಟಕ್ಕೆ ಎಲ್ಲರ ಜೊತೆ ಕೂತಳು, ಬಡಿಸಿದ್ದನ್ನು ನುಂಗಿದಳು, ನಾದಿನಿ ಕಾರಿನಲ್ಲಿ ತಂದಿಟ್ಟ ಗಿಡದ ಕುಂಡಕ್ಕೆ ಥ್ಯಾಂಕ್ಸ್ ಅಂದಳು. ಊರು ದಾಟಿದ ಮೇಲೆ ಆಕ್ಸಿಲರೇಟರ್ ಮೇಲಿದ್ದ ಅವಳ ಕಾಲು ತಾನಾಗಿ ಕೆಳಗಿಳಿಯಿತು. ಕಾರು ಓಡಿತು, ತಿರುವು ಬಂತು, ಎದುರಿನಿಂದ ಲಾರಿ ಬಂತು. ಮೇಷ್ಟ್ರು ಬ್ರೇಕ್ ಒತ್ತಿದರು. ಕಾರು ಮುಗ್ಗರಿಸಿ ರಸ್ತೆಯ ಪಕ್ಕದ ಇಟ್ಟಿಗೆ ರಾಶಿಯ ಮುಂದೆ ನಿಂತು ಆಫ್ ಆಯಿತು. ಹಿಂದೆ ಕುಂಡ ಉರುಳಿತು.

"ಹುಚ್ಚು ಹಿಡೀತೇನೇ?"

"ತೆಗೀರಿ ಕಾಲು! ಇಲ್ಲಿ ಒತ್ತಿದ್ದು ಸಾಲದು ಅಂತ ಎಲ್ಲರ ಮನೇಲೂ ಒತ್ತಿಬಂದಿದ್ದೀರಲ್ಲ!"

ಮೇಷ್ಟ್ರು ಉರುಳಿದ ಕುಂಡದ ಕಡೆ ತಿರುಗಿದರು.

"ನಾನು ಆ ಕೋಳಿ ಬೇಯಿಸುವಾಗ ದೇವರಿಗೆ ಹೇಳ್ಕೊಳ್ಳೋ ಹಾಗೆ ಮನಸ್ಸಲ್ಲಿ ಮಾತು ಜೋಡಿಸ್ತಿದ್ದೆ. ಹೇಗೆ ಕೇಳಲಿ, ಯಾವಾಗ ಕೇಳಲಿ ಅಂತ. ನೀವು ಪಕ್ಕದಲ್ಲೇ ಕೂತು ನೋಡ್ತಿದ್ರಿ. ಮೇಷ್ಟ್ರಲ್ವಾ, ಎಲ್ಲರಿಗೂ ಪಾಠ ಹೇಳಿಕೊಟ್ಟಿದ್ರಿ. ಚೆನ್ನಾಗಿಯೇ ಒಪ್ಪಿಸಿದ್ರು ಬಿಡಿ. ಸಾಯೋ ಆಸೆ ಇದ್ರೆ ನನಗೆ ಹೇಳ್ಬೇಕಿತ್ತು. ರಜೆ ಆದ್ರೂ ಉಳೀತಿತ್ತು."

"ಆಸೆ ಅಲ್ಲ ಕಣೇ."

"ಮತ್ತೆ?"

ಅವರು ಬ್ರೇಕಿನ ಮೇಲಿಂದ ಕಾಲು ತೆಗೆದರು. "ಕೊಟ್ಟೋರಿಗೆ ಏನಾದ್ರೂ ಆದ್ರೆ ಅನ್ನೋದು ಒಂದು. ಅದನ್ನ ಎಲ್ಲರಿಗೂ ಹೇಳಿದೆ. ಆದ್ರೆ ಅದು ಪೂರ್ತಿ ನಿಜ ಅಲ್ಲ. ಅವರು ತಾವಾಗೇ ಇಲ್ಲ ಅಂದುಬಿಟ್ರೆ? ತಮ್ಮ ಅನ್ನೋನು ಇಲ್ಲ ಅಂದ್ರೆ? ಅದನ್ನ ಕೇಳಿಸ್ಕೊಂಡು ಇರೋಕಾಗಲ್ಲ ನನಗೆ. ನಾನೇ ಹೇಳ್ಕೊಟ್ರೆ, ಇಲ್ಲ ಅಂದಿದ್ದು ನನ್ನ ಮಾತಾಗುತ್ತೆ. ಅವರು ಒಳ್ಳೆಯವರಾಗೇ ಉಳೀತಾರೆ."

"ನೀವು ಹೋದ ಮೇಲೆ ಆ ಒಳ್ಳೆಯವರ ಮನೆಗೆ ನಾನೊಬ್ಬಳೇ ಹೋಗ್ಬೇಕಲ್ಲ," ಎಂದಳು. "ಯಾರು ಒಳ್ಳೆಯವರು, ಯಾರು ಅಲ್ಲ, ನನಗೆ ಗೊತ್ತಾಗಲಿ. ಫೋನ್ ಮಾಡಿ. ಹೇಳಿದ ಮಾತನ್ನ ವಾಪಸ್ ತಗೊಳ್ಳಿ. ಇಲ್ಲಾಂದ್ರೆ ನಾನು ಈ ಜಾಗದಿಂದ ಕಾರು ಎತ್ತೋದಿಲ್ಲ."

ಅವರು ಮಾಡಿದರು. ಅವಳು ಸ್ಪೀಕರ್ ಹಾಕಿಸಿದಳು. "ಅವತ್ತು ಬೇಡ ಅಂದಿದ್ನಲ್ಲ, ಅದನ್ನ ಬಿಟ್ಬಿಡೋ," ಎಂದು ತಮ್ಮನಿಗೆ ಹೇಳುವಾಗ ಮೇಷ್ಟ್ರ ದನಿ ಯಾರದೋ ದನಿಯಂತಿತ್ತು. "ನನಗೆ ಬದುಕಬೇಕು ಅನ್ಸುತ್ತೆ. ಕೊಡೋಕೆ ಆಗುತ್ತಾ?"

ಆ ಕಡೆ ಒಲೆಯ ಬಾಗಿಲು ಮುಚ್ಚಿದ ಸದ್ದು. ಆಮೇಲೆ ಓರಗಿತ್ತಿ ಫೋನ್ ತೆಗೆದುಕೊಂಡಳು. "ಭಾವ, ತಪ್ಪು ತಿಳೀಬೇಡಿ. ನೀವು ಬೇಡ ಅಂದ ದಿನ ನನಗೆ ನೆಮ್ಮದಿಯಾಗಿ ನಿದ್ದೆ ಬಂತು. ಇವರನ್ನ ಕಳಿಸೋಕೆ ನನ್ನಿಂದ ಆಗಲ್ಲ. ಕೈ ಮುಗೀತೀನಿ." ಹಿಂದಿನಿಂದ "ಅಣ್ಣಾ" ಎಂದು ತಮ್ಮ ಅಂದದ್ದು ಕೇಳಿಸಿತು.

"ಸರಿ ಕಣೋ," ಎಂದರು ಮೇಷ್ಟ್ರು. "ಸರಿ. ಕೆಲಸ ನೋಡ್ಕೋ."

ಗುಂಡನಿಗೆ ಎರಡು ಸಲ ಮಾಡಿದರು. ರಿಂಗಾಯಿತು, ಎತ್ತಲಿಲ್ಲ. ಮೇಷ್ಟ್ರು ಫೋನನ್ನು ತೊಡೆಯ ಮೇಲೆ ಬೋರಲು ಹಾಕಿ, ಕೈಯಿಂದ ಮುಖ ಮುಚ್ಚಿಕೊಂಡು ಅತ್ತರು. ಮದುವೆಯಾದಾಗಿನಿಂದ ಅವಳು ಅದನ್ನು ಕಂಡಿರಲಿಲ್ಲ. ಪುಟ್ಟ ಬಾಟಲಿ ಬರಿದಾಗಿತ್ತು. ಅವಳು ತನ್ನ ಬಾಟಲಿಯಿಂದ ಮುಚ್ಚಳದಲ್ಲಿ ಒಂದು ಗುಟುಕು ಸುರಿದು ಕೊಟ್ಟಳು. ಅವರು ಅದನ್ನು ಬಾಯಲ್ಲಿ ಇಟ್ಟುಕೊಂಡು, ನುಂಗಲು ಮನಸ್ಸಿಲ್ಲದವರಂತೆ ಕೂತರು.

ಮರುದಿನ ಆಸ್ಪತ್ರೆಯಲ್ಲಿ ನರ್ಸಿಗೆ ತೋಳಿನಲ್ಲಿ ಜಾಗ ಸಿಗಲಿಲ್ಲ. ಚುಚ್ಚಿದಳು, ತೆಗೆದಳು, ಇನ್ನೊಬ್ಬಳನ್ನು ಕರೆದಳು. ಕೊನೆಗೆ ಕುತ್ತಿಗೆಯ ಹತ್ತಿರ ನಳಿಕೆ ಹಾಕಿದರು. ಗಾಜಿನಾಚೆ ನಿಂತ ಅವಳಿಗೆ ಇನ್ನು ಕೇಳಲು ಮನೆಗಳೇ ಉಳಿದಿಲ್ಲವೆಂಬುದು ಆಗ ಪೂರ್ತಿಯಾಗಿ ಅರ್ಥವಾಯಿತು. ಮನೆಗೆ ಬಂದು ಅಡುಗೆಮನೆಗೆ ಹೋದವಳು ಒಲೆ ಹಚ್ಚದೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಯಾರಿಗಾಗಿ ಹಚ್ಚಬೇಕು?

ರಜೆಯ ಕೊನೆಯ ಬೆಳಗ್ಗೆ ಬಾಗಿಲಲ್ಲಿ ಗುಂಡ ನಿಂತಿದ್ದ. ಅಷ್ಟು ದೂರ ಸೈಕಲ್ ತುಳಿದುಕೊಂಡು ಬಂದು ಅಂಗಿ ಬೆನ್ನಿಗೆ ಅಂಟಿತ್ತು.

"ಅಣ್ಣನ ಫೋನ್ ನೋಡಿದೆ ಅತ್ತಿಗೆ. ಎತ್ತಲಿಲ್ಲ. ಇನ್ನೊಂದ್ಸಲ ಆಗಲ್ಲ ಅನ್ನು ಅಂತ ಹೇಳೋಕೆ ಮಾಡಿದ್ದಾನೆ ಅಂದ್ಕೊಂಡೆ. ಮೊದಲನೇ ಸಲ ಅಂದಿದ್ದೇ ಗಂಟಲಲ್ಲಿ ಸಿಕ್ಕಿಕೊಂಡಿದೆ." ಒಳಗೆ ಬಂದು ಮೇಷ್ಟ್ರ ಮಂಚದ ಅಂಚಿನಲ್ಲಿ ಕೂತ. "ಅಣ್ಣ, ನೀನು ಬೈದ್ರೂ ಸರಿ. ನಾನು ಟೆಸ್ಟಿಗೆ ಬರ್ತೀನಿ."

ಮೇಷ್ಟ್ರು ಬೈಯಲಿಲ್ಲ. ಕುತ್ತಿಗೆಯ ಪಟ್ಟಿ ಎಳೆಯದಂತೆ ಮೆಲ್ಲಗೆ ತಿರುಗಿ ಅವನ ಗ್ರೀಸು ಮೆತ್ತಿದ ಕೈಯನ್ನು ಹಿಡಿದುಕೊಂಡರು. ಹೂಂ ಎಂಬಂತೆ ತಲೆಯಾಡಿಸಿದರು.

"ಒಂದೇ ತೊಂದರೆ," ಎಂದ ಗುಂಡ. "ಸೂಜಿ ಕಂಡ್ರೆ ನನಗೆ ತಲೆ ಸುತ್ತುತ್ತೆ."

ಮಾರನೆಯ ದಿನ ಅವಳು ಅಂಗಡಿಗೆ ಹೋಗದೆ ಅವನನ್ನು ಕರೆದುಕೊಂಡು ಹೋದಳು. ಗಂಡ ಒಳಗೆ ಯಂತ್ರದ ಪಕ್ಕ ಮಲಗಿದ್ದರು. ಇವರಿಬ್ಬರೂ ಲ್ಯಾಬಿನ ಹೊರಗೆ ಬೆಂಚಿನ ಮೇಲೆ. ರಕ್ತದ ಗುಂಪು ಹೊಂದುತ್ತದೆಂದು ಆಗಲೇ ಗೊತ್ತಾಗಿತ್ತು. ಇನ್ನೂ ಹಲವು ಪರೀಕ್ಷೆಗಳಿದ್ದವು, ಯಾವುದರಲ್ಲಿ ಬೇಕಾದರೂ ತಪ್ಪಿಹೋಗಬಹುದು, ಆಸೆ ಇಟ್ಟುಕೊಳ್ಳಿ ಆದರೆ ಜಾಸ್ತಿ ಬೇಡ ಎಂದು ಡಾಕ್ಟರು ಹೇಳಿದ್ದರು. ಗುಂಡ ಮುಖ ಬಿಳುಚಿಕೊಂಡು ಮೊಣಕಾಲು ಕುಣಿಸುತ್ತಿದ್ದ.

"ಅತ್ತಿಗೆ, ಆಪರೇಷನ್ನು ನೋವಾಗುತ್ತಾ?"

ವಾರವಿಡೀ ಯಾರದಾದರೂ ಬಾಯಿಂದ ಒಂದು 'ಹೂಂ' ಹೊರಡಿಸಲು ಅವಳು ಏನು ಹೇಳಲೂ ಸಿದ್ಧಳಿದ್ದಳು. ಈಗ ಪಕ್ಕದಲ್ಲಿ ಕೂತವನ ಸಣಕಲು ಹೊಟ್ಟೆ, ಅಂಗಿಯ ಕಿತ್ತುಹೋದ ಗುಂಡಿ ಕಣ್ಣಿಗೆ ಬಿತ್ತು.

"ಆಗುತ್ತೆ ಕಣೋ," ಎಂದಳು.

"ಸುಳ್ಳು ಹೇಳಬಹುದಿತ್ತಲ್ಲ ಅತ್ತಿಗೆ."

"ಹೇಳಬಹುದಿತ್ತು."

ಒಳಗಿನಿಂದ ಕರೆದರು. ಗುಂಡ ಎದ್ದ. ಅವನ ತೋಳು ಹಿಡಿದು ಕೂರಿಸಿ, ಬೇಡ, ಮನೆಗೆ ಹೋಗು ಎಂದುಬಿಡಬೇಕೆಂದು ಅವಳಿಗೆ ಒಮ್ಮೆಲೇ ಅನ್ನಿಸಿತು. ಗಂಡ ಒಬ್ಬರೇ ಕೂತು ಒಬ್ಬೊಬ್ಬರಿಗೇ ಫೋನ್ ಮಾಡಿದಾಗ ಅವರಿಗೆ ಹೇಗಾಗಿರಬಹುದೆಂದು ಮೊದಲ ಸಲ ತಿಳಿಯಿತು. ಆದರೂ ಅವಳು ಅವನನ್ನು ತಡೆಯಲಿಲ್ಲ. ಎರಡೂ ಕೈಯಿಂದ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದು, ಅವನು ಬಾಗಿಲು ತಳ್ಳಿ ಒಳಗೆ ಹೋಗುವುದನ್ನು ನೋಡುತ್ತಾ ಕೂತಳು.